ಅರ್ಧಕ್ಕೆ ನಿಂತ ಮುಳ್ಳು

ಜೂನ್ ತಿಂಗಳ ಒಂದು ಮಧ್ಯಾಹ್ನ ಆದಿನಾಥಣ್ಣನವರ ಟ್ರಕ್ಕು ಮಮದಾಪುರ ದಾಟಿ ಒಂದು ತಿರುವಿನಲ್ಲಿ ನಿಂತುಬಿಟ್ಟಿತು. ಪೆಟ್ರೋಲ್ ತೋರಿಸುವ ಮುಳ್ಳು ಅರ್ಧಕ್ಕೆ ನಿಂತಿತ್ತು, ಟಾಕಿಯಲ್ಲಿ ಮಾತ್ರ ಹನಿಯೂ ಇರಲಿಲ್ಲ. ಅರ್ಧ ಟಾಕಿ ಇದೆಯಲ್ಲ ಎಂಬ ನಂಬಿಕೆಯಲ್ಲಿ ಅವರು ಕೆಳಗಿಳಿದು, ಮೂತಿ ತೆರೆದು ಎಂಜಿನ್ನಿನಲ್ಲಿ ದೋಷ ಹುಡುಕುತ್ತಿದ್ದರು. ಅಷ್ಟರಲ್ಲಿ ಕಲ್ಲು ತುಂಬಿದ ಟಿಪ್ಪರೊಂದು ತಿರುವಿನಲ್ಲಿ ಬಂದು ಗಾಡಿಯ ಬಲಮಗ್ಗುಲನ್ನು ಸವರಿಕೊಂಡೇ ಹೋಯಿತು. ಬದಿಯ ಕನ್ನಡಿ ಚೂರಾಗಿ, ಎರಡು ನಿಮಿಷದ ಹಿಂದೆ ಅವರು ಕುಳಿತಿದ್ದ ಸೀಟಿನ ಮೇಲೆ ಬಿತ್ತು. ಪಕ್ಕದ ಸೀಟಿನಲ್ಲಿದ್ದ ಅವರ ಹೆಂಡತಿ ಜಿನ್ನವ್ವ ಆ ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಬಂದು ಮರುದಿನ ನನಗೆ ತೋರಿಸಿದಳು. ಮುಳ್ಳು ಖರೆ ಹೇಳುವವರೆಗೆ ಆ ಗಾಡಿ ಹತ್ತುವುದಿಲ್ಲ, ಅವರನ್ನೂ ಹತ್ತಗೊಡುವುದಿಲ್ಲ ಎಂದಳು.

ಕುಲಗೋಡದಲ್ಲಿ ನಮ್ಮೆರಡೂ ಮನೆಗಳ ನಡುವೆ ಒಂದೇ ಗೋಡೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಊರಿನವರಿಗೆಲ್ಲ ಈಗಲೂ ಅಕ್ಕಾರ, ಅಂದರೆ ಶಾಲೆಯ ಟೀಚರು. ಆದಿನಾಥಣ್ಣನವರಿಗೆ ಎಪ್ಪತ್ತಾರು ವರ್ಷ, ಬೆಲ್ಲದ ವ್ಯಾಪಾರ ಬಿಟ್ಟು ಬಹಳ ದಿನಗಳಾದವು. ಅವರ ತಂದೆ ಬೆಳಗಾವಿಯಲ್ಲಿ ಮಿಲಿಟರಿಯವರ ಲಿಲಾವಿನಲ್ಲಿ ಕೂಗಿ ಹಿಡಿದ ಗಾಡಿ ಅದು. ಉದ್ದ ಮೂತಿ, ದುಂಡನೆಯ ಎರಡು ದೀಪ, ಪೆಟ್ರೋಲ್ ಎಂಜಿನ್ನು. ಸುತ್ತಲ ಹತ್ತೂರಿನಲ್ಲಿ ಅಂಥದ್ದು ಇನ್ನೊಂದಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಹೊರಗೆ ತೆಗೆಯುತ್ತಿದ್ದರು. ಬೆಳಿಗ್ಗೆ ಎದ್ದು ಅದರ ಮೂತಿ ಒರೆಸುವಾಗ ಅವರ ಮುಖ ನೋಡಬೇಕು, ಹಸುಗೂಸನ್ನು ಎತ್ತಿಕೊಂಡವರ ಮುಖ.

ಆಗಸ್ಟ್ ಮೊದಲ ವಾರ ನಿಡಸೋಸಿಯ ಕಾಲೇಜಿನಲ್ಲಿ ಹಳೆಯ ವಾಹನಗಳ ಪ್ರದರ್ಶನವೊಂದಿತ್ತು. ಗಾಡಿ ತರಬೇಕೆಂದು ಅಲ್ಲಿಂದ ಪತ್ರ ಬಂತು. ಜಿನ್ನವ್ವನನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ, ಮುಳ್ಳು ಸರಿಯಾಗದೆ ಬರಲು ಅವಳಿಗೆ ಮನಸ್ಸಿಲ್ಲ. ಕೋಲು ಅದ್ದಿ ನೋಡೋಣವೆಂದರೆ ಆ ಟಾಕಿಯ ಕೊರಳು ಸೊಟ್ಟಗಿದೆ, ಒಳಗೊಂದು ಜಾಳಿಗೆ ಬೇರೆ. ಕೋಲು ಗೇಣು ಹೋಗುವಷ್ಟರಲ್ಲಿ ತಡೆಯುತ್ತದೆ. ಆದ್ದರಿಂದ ಮಾಲಿಂಗನನ್ನು ಕರೆಸಿದರು.

ಮಾಲಿಂಗ ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟವನು. ವಯಸ್ಸು ನಲವತ್ತೈದರ ಆಸುಪಾಸು. ಎಂಟನೆಯ ತರಗತಿಯಲ್ಲಿ ನನ್ನ ವಿಜ್ಞಾನದ ಪೇಪರಿನಲ್ಲಿ ಎರಡು ಸಲ ನಪಾಸಾದವನು. ಯಾರದೇ ಗಾಡಿಯ ಕೆಳಗೆ ಮಲಗುವ ಮೊದಲು, ಅಲ್ಲಿ ಬೆಕ್ಕು ನಾಯಿ ಮಲಗಿದ್ದರೆ ಮೆಲ್ಲಗೆ ಎಬ್ಬಿಸಿ ಪಕ್ಕದ ನೆರಳಿಗೆ ಕಳಿಸುತ್ತಾನೆ. ಅವತ್ತೂ ಹಾಗೇ ಮಾಡಿದ.

ಅವನು ನಮಗೆಲ್ಲ ತಿಳಿಯುವಂತೆ ವಿವರಿಸಿದ. ಟಾಕಿಯ ಒಳಗೊಂದು ತೇಲುಗುಂಡು ಇರುತ್ತದೆ, ಪೆಟ್ರೋಲಿನ ಜೊತೆ ಅದು ಏರಿ ಇಳಿಯುತ್ತದೆ. ಅದು ಎಲ್ಲಿದೆ ಎಂಬ ಸುದ್ದಿಯನ್ನು ಒಂದೇ ಒಂದು ವಾಯರ್ ಮುಂದಿನ ಮುಳ್ಳಿಗೆ ಒಯ್ಯುತ್ತದೆ. ಮುಳ್ಳು ಕೆಟ್ಟಿರಬಹುದು, ವಾಯರ್ ಕೆಟ್ಟಿರಬಹುದು, ಇಲ್ಲವೆ ಗುಂಡು ಅರ್ಧಕ್ಕೆ ಕಚ್ಚಿಕೊಂಡಿರಬಹುದು. ಟಾಕಿಯ ಹತ್ತಿರ ವಾಯರ್ ಬಿಚ್ಚಿ ನೋಡಬೇಕು. ಮುಳ್ಳು ಅಲ್ಲಾಡಿದರೆ ಮುಳ್ಳೂ ವಾಯರೂ ಪಾಸು, ಗುಂಡಿನ ಸಾಮಾನು ನಪಾಸು. ‘ನಪಾಸು’ ಎನ್ನುವಾಗ ನನ್ನ ಕಡೆ ನೋಡಿ ನಕ್ಕ.

ಜಿನ್ನವ್ವ ಒಳಗೆ ಕುಳಿತು ಮುಳ್ಳು ನೋಡಬೇಕೆಂದು ನಿಶ್ಚಯವಾಯಿತು. ಅದರ ಅಕ್ಷರಗಳು ಯಾವಾಗಲೋ ಅಳಿಸಿ ಹೋಗಿದ್ದವು. ಎಡತುದಿ ಎಂದರೆ ಬರಿದು, ಬಲತುದಿ ಎಂದರೆ ತುಂಬಿದ್ದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದಿನಾಥಣ್ಣನವರು ಬ್ಯಾಟರಿಯ ಹತ್ತಿರ ನಿಂತರು. ನಾನು ಟಾಕಿಯ ಹತ್ತಿರ ನಿಂತೆ. ಮಾಲಿಂಗ ಕೆಳಗೆ ಮಲಗಿ ಕೂಗಿದ.

"ಅವ್ವಾರ, ಮುಳ್ಳಿನ ಮ್ಯಾಲ ಕಣ್ಣ ಇಡ್ರಿ. ವಾಯರ್ ಬಿಚ್ಚತೇನಿ."

"ಇಟ್ಟೇನ್ ಬಿಡೋ. ಐವತ್ತ ವರ್ಷ ಹಾಲಿನ ಮ್ಯಾಲ ಕಣ್ಣ ಇಟ್ಟಾಕಿ ನಾ. ಇದೇನ ಉಕ್ಕತೈತಿ?"

ಕೆಳಗೆ ಕಿಟ್ಟನೆ ಸದ್ದಾಯಿತು.

"ಏನಾತ್ರಿ?"

"ಹೆಚ್ಚಾತಪಾ."

"ಪೂರಾ?"

"ಹೂಂ, ಪೂರಾ ಹೆಚ್ಚಾತು."

ಮಾಲಿಂಗ ವಾಯರನ್ನು ಮತ್ತೆ ಜೋಡಿಸಿದ. ಮುಳ್ಳು ಮೊದಲಿನ ಹಾಗೆ ನಡುವೆ ಬಂದು ನಿಂತಿತು ಎಂದು ಜಿನ್ನವ್ವ ಒಳಗಿನಿಂದ ಹೇಳಿದಳು. ಇನ್ನು ವಾಯರಿನ ತುದಿಯನ್ನು ಗಾಡಿಯ ಕಬ್ಬಿಣಕ್ಕೆ ತಾಗಿಸಿ ನೋಡುವುದಿತ್ತು. ಆಗ ಮುಳ್ಳು ಇನ್ನೊಂದು ತುದಿಗೆ ಓಡಬೇಕು. ಅದನ್ನೂ ನೋಡಿದರೆ ಪರೀಕ್ಷೆ ಪೂರ್ತಿಯಾಗುತ್ತದೆ. ಆದರೆ ಮುಚ್ಚಳದ ಸುತ್ತ ಪೆಟ್ರೋಲಿನ ಘಾಟು ಹಬ್ಬಿತ್ತು. ತಾಗಿಸಿದರೆ ಕಿಡಿ ಹಾರುತ್ತದೆ. ಅವನ ಮುಖ ಟಾಕಿಯಿಂದ ಒಂದು ಮೊಳ ದೂರದಲ್ಲಿತ್ತು. ನಾನು ಬೇಡ ಎಂದೆ. ಅವನು ಏನೂ ಆಗುವುದಿಲ್ಲವೆಂದ. ನಾನು ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಬೇಡ ಎಂದೆ. ಅಕ್ಕಾರ ಬೇಡವೆಂದ ಮೇಲೆ ಮುಗಿಯಿತು ಎಂದು ಅವನು ಹೊರಗೆ ಉರುಳಿ ಬಂದ. ನನ್ನ ಜೀವನದಲ್ಲಿ ನಾನು ತೋರಿದ ಎಚ್ಚರಿಕೆಗಳಲ್ಲಿ ಅದೂ ಒಂದು. ಆ ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಿದವಳೂ ನಾನೇ.

ಮರುದಿನ ಕಣ್ಣಿನ ಔಷಧಕ್ಕಾಗಿ ನಾನು ಗೋಕಾಕಿಗೆ ಹೋಗುವುದಿತ್ತು. ಗುಂಡಿನ ಸಾಮಾನು ತರಲು ಮಾಲಿಂಗನೂ ಅದೇ ಬಸ್ಸಿಗೆ ಬಂದ, ನನ್ನ ಚೀಲ ತಾನೇ ಹಿಡಿದ. ಅಲ್ಲಿ ಹಳೆಯ ಸಾಮಾನಿನ ಅಂಗಡಿಯ ಕೆಂಚಪ್ಪ ನನಗೆ ಕುಳಿತುಕೊಳ್ಳಲು ಸ್ಟೂಲ್ ಕೊಟ್ಟು, ಅದರ ಮೇಲಿನ ಗ್ರೀಸನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿದ. ಆಮೇಲೆ ಎರಡು ತೇಲುಗುಂಡುಗಳನ್ನು ಮುಂದಿಟ್ಟ. ನೋಡಲು ಅಕ್ಕತಂಗಿಯರ ಹಾಗಿದ್ದವು.

"ಎರಡ ನಮೂನಿ ಅದಾವ. ವಾಯರ್ ಕಿತ್ತರ ಮುಳ್ಳ ಏರತೈತ್ಯೋ ಇಳಿತೈತ್ಯೋ?"

"ಏರತೈತಿ," ಎಂದ ಮಾಲಿಂಗ. "ಪೂರಾ ಏರತೈತಿ."

"ಖರೆ ನೋಡೀಯಲಾ? ಉಲ್ಟಾ ಸಾಮಾನ ಹಾಕಿದರ ಮುಳ್ಳೂ ಉಲ್ಟಾ ನಡಿತೈತಿ. ಪೆಟ್ರೋಲ್ ಇಳದಂಗ ಇಳದಂಗ ಅದು ಮ್ಯಾಲ ಏರತೈತಿ."

ಮಾಲಿಂಗ ನನ್ನ ಕಡೆ ತಿರುಗಿದ. ಕೇಳಿಸಿಕೊಂಡವಳು ನಾನೂ ಇದ್ದೆನಲ್ಲ. ಹೌದು, ಹೆಚ್ಚಾಯಿತು ಎಂದೇ ಜಿನ್ನವ್ವ ಹೇಳಿದ್ದಳು ಎಂದೆ. ಕೆಂಚಪ್ಪ ಎಡಗಡೆಯದನ್ನು ತೆಗೆದಿಟ್ಟು ಬಲಗಡೆಯದನ್ನು ಪೇಪರಿನಲ್ಲಿ ಸುತ್ತಿಕೊಟ್ಟ.

ಸಾಮಾನು ಹಾಕಿದ್ದು ಹೊರಡುವ ಹಿಂದಿನ ದಿನ. ಬರಿದಾಗಿದ್ದ ಟಾಕಿಗೆ ಡಬ್ಬಿಯಿಂದ ಅಳೆದು ಮೂವತ್ತು ಲೀಟರ್ ಸುರಿದರು. ಅರವತ್ತು ಲೀಟರಿನ ಟಾಕಿ ಅದು. ಕೀಲಿ ತಿರುಗಿಸಿದಾಗ ಮುಳ್ಳು ನಿಧಾನವಾಗಿ ಎದ್ದು ಸರಿಯಾಗಿ ನಡುವೆ ಬಂದು ನಿಂತಿತು. ಆದಿನಾಥಣ್ಣನವರು ಮಾಲಿಂಗನ ಬೆನ್ನು ತಟ್ಟಿದರು. ಪೂರ್ತಿ ತುಂಬಿಸಿ ಒಮ್ಮೆ ನೋಡಬೇಕಿತ್ತೆಂದು ಮಾಲಿಂಗ ಅಂದ. ಮೂಡಲಗಿಯ ಪಂಪಿನ ತನಕ ಹೋಗಲು ಯಾರಿಗೂ ಹೊತ್ತಿರಲಿಲ್ಲ. ಅರ್ಧಕ್ಕೆ ಅರ್ಧ ತೋರಿಸಿತಲ್ಲ, ಇನ್ನೇನು ಪುರಾವೆ ಬೇಕು ಎಂದರು ಅಣ್ಣನವರು. ನಾನೂ ತಲೆಯಾಡಿಸಿದೆ. ಎರಡು ನಮೂನೆಯ ಸಾಮಾನೂ ಒಂದೇ ಮಾತು ಹೇಳುವ ಜಾಗ ಯಾವುದಾದರೂ ಇದ್ದರೆ ಅದು ಆ ಅರ್ಧ ಒಂದೇ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ.

ಅವರು ಹೊರಟ ದಿನ ಬೆಳಗಿನಿಂದಲೇ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ನಮ್ಮಲ್ಲಿ ಮಳೆ ಹೆಚ್ಚಿರಲಿಲ್ಲ. ಘಟ್ಟದ ಕಡೆ ನಾಲ್ಕು ದಿನದಿಂದ ಸುರಿಯುತ್ತಿತ್ತು, ಹಿಡಕಲ್ ಡ್ಯಾಮು ತುಂಬುತ್ತ ಬಂದಿತ್ತು. ಹೊಳೆ ಕೆಂಪಾಗಿ, ಸದ್ದಿಲ್ಲದೆ, ದಡದ ಜಾಲಿಗಿಡಗಳ ಸೊಂಟದವರೆಗೆ ಏರಿ ನಿಂತಿತ್ತು. ಹೋಗುವಾಗ ಗೋಕಾಕದ ಮೇಲಿಂದ ಹೋಗುತ್ತೇವೆ, ಬರುವಾಗ ಮೂಡಲಗಿಯಲ್ಲಿ ಮೊಮ್ಮಗಳು ಮಯೂರಿಯ ಕೂಸನ್ನು ನೋಡಿಕೊಂಡು ಬರುತ್ತೇವೆ ಎಂದರು ಆದಿನಾಥಣ್ಣನವರು. ಜಿನ್ನವ್ವ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವಳಲ್ಲ. ದಣಿದು ಬಂದು ಒಲೆ ಹಚ್ಚುವುದು ಬೇಡ, ಊಟ ನಮ್ಮ ಮನೆಯಲ್ಲೇ ಆಗಲಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದೆ ಮಾಡಿಡುತ್ತೇನೆ ಎಂದೆ. ಜಿನ್ನವ್ವ ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದುಕೊಂಡಳು.

ಮೂರು ಗಂಟೆಗೆ ನಿಡಸೋಸಿಯಿಂದ ಆದಿನಾಥಣ್ಣನವರ ಫೋನು. ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. ಗಾಡಿ ಎಲ್ಲರಿಗೂ ಹಿಡಿಸಿತಂತೆ, ಮೈದಾನದಲ್ಲಿ ನಾಲ್ಕು ಸುತ್ತು ಹೊಡೆಸಿದರಂತೆ. ಆಮೇಲೆ ದನಿ ತಗ್ಗಿಸಿ ಒಂದು ಗುಟ್ಟು ಹೇಳಿದರು.

"ಅಕ್ಕಾರ, ಇಲ್ಲಿ ಹುಡುಗರು ಭಾಳ ಚಲೋ ಅದಾರ. ನಮಗ ಹೇಳದಂಗ ಪೆಟ್ರೋಲ್ ಹಾಕ್ಸ್ಯಾರ. ಮುಂಜಾನೆ ಅರ್ಧ ಇತ್ತು, ಈಗ ಮುಕ್ಕಾಲ ದಾಟೇತಿ ಮುಳ್ಳು. ಕೇಳಿದರ ನಾವಲ್ಲ, ನಾವಲ್ಲ ಅಂತಾರ. ನೋಡ್ರಿ ಹೆಂಗದಾರ."

ನನಗೂ ಮನಸ್ಸು ತುಂಬಿ ಬಂತು. ಈ ಕಾಲದಲ್ಲೂ ಬಲಗೈ ಕೊಟ್ಟದ್ದನ್ನು ಎಡಗೈಗೆ ತಿಳಿಸದ ಮಕ್ಕಳಿದ್ದಾರಲ್ಲ ಎಂದುಕೊಂಡೆ. ಆ ಹುಡುಗರ ಹೆಸರು ಕೇಳಿ ಬರೆದುಕೊಳ್ಳಿ, ಒಂದು ಕಾಗದ ಬರೆಯೋಣ ಎಂದೂ ಹೇಳಿದೆ.

ಐದೂಕಾಲಿಗೆ ಮೂಡಲಗಿಯಿಂದ ಮತ್ತೆ ಫೋನು ಬಂತು. ಮಯೂರಿಯ ಕೂಸು ಬಿಡಲಿಲ್ಲ, ತಡವಾಯಿತು. ಗೋಕಾಕದ ಸುತ್ತು ಹಾಕಿದರೆ ಹೊತ್ತು ಮುಳುಗುತ್ತದೆ, ಜಿನ್ನವ್ವ ಉಪವಾಸ ಬೀಳುತ್ತಾಳೆ. ಆದ್ದರಿಂದ ಹೊಳೆಯ ಕೆಳಗಿನ ಸೇತುವೆಯಿಂದಲೇ ಬರುತ್ತೇವೆ, ನೀರು ಇನ್ನೂ ಮೂರು ಅಡಿ ಕೆಳಗಿದೆಯಂತೆ ಎಂದರು. ಪೆಟ್ರೋಲ್ ಹಾಕಿಸಿಕೊಂಡು ಬನ್ನಿ ಎಂದೆ, ಸುಮ್ಮನೆ, ಬಾಯಿಮಾತಿಗೆ. ಅವರು ನಕ್ಕರು. ಅಷ್ಟು ದೂರ ಬಂದರೂ ಮುಳ್ಳು ಇಳಿದಿಲ್ಲ, ಇನ್ನೂ ಒಂದು ಚೂರು ಮೇಲೇ ಹೋಗಿದೆ, ಈ ಗಾಡಿಗೆ ಗಾಳಿ ಕುಡಿಯುವುದು ರೂಢಿಯಾಗಿದೆ ಎಂದರು. ಫೋನಿಟ್ಟ ಮೇಲೂ ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಐವತ್ತು ಕಿಲೋಮೀಟರ್ ಓಡಿದ ಗಾಡಿಯ ಮುಳ್ಳು ಮೇಲೆ ಹೋಗುವುದು ಹೇಗೆ? ರಸ್ತೆ ಕೆಟ್ಟಿದೆ, ಗುಂಡು ಕುಣಿದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಸರುಕಾಳಿನ ಪಲ್ಯಕ್ಕೆ ಒಗ್ಗರಣೆ ಹಾಕಿದೆ. ಹೊರಗೆ ಪಂಚಾಯಿತಿಯ ಗಾಡಿ ಕೂಗುತ್ತ ಹೋಯಿತು. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆಯ ದಂಡೆಗೆ ಯಾರೂ ಹೋಗಬೇಡಿ, ದನಕರುಗಳನ್ನು ಬಿಡಬೇಡಿ ಎಂದು.

ರೊಟ್ಟಿ ಬಡಿಯಲು ಲಗಮವ್ವ ಬಂದಿದ್ದಳು. ಇಪ್ಪತ್ತು ವರ್ಷದಿಂದ ನನ್ನ ಮನೆಗೆ ಬರುವವಳು. ಕೈ ತೊಳೆದು, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದಳು.

"ಅಕ್ಕಾರ, ಹಿಟ್ಟು ಹೆಚ್ಚಾಗೈತ್ರಿ. ಜಿನ್ನವ್ವನ ಮನಿಯಿಂದ ಒಂದ ಬುಟ್ಟಿ ತರಲ್ಯಾ?"

ತಾ ಎಂದೆ. ಅವಳು ಹಿತ್ತಲ ಬಾಗಿಲು ದಾಟಿದಳು. ನಾನು ಬರಿದಾದ ಡಬ್ಬಿಯ ತಳವನ್ನೇ ನೋಡುತ್ತ ನಿಂತೆ.

ನಮ್ಮ ಮನೆಗಳಲ್ಲಿ ಹೆಂಗಸರು ಯಾವುದನ್ನೂ ಮುಗಿಯಿತು, ಖಾಲಿಯಾಯಿತು ಎನ್ನುವುದಿಲ್ಲ. ಜೋಳ, ಅಕ್ಕಿ, ಉಪ್ಪು, ಎಣ್ಣೆ, ಅರಿಷಿಣ ತೀರಿದರೆ ಹೆಚ್ಚಾಯಿತು ಎನ್ನುತ್ತೇವೆ. ಬಳೆ ಒಡೆದರೂ ಹೆಚ್ಚಾಯಿತು. ಇಲ್ಲ ಎಂಬ ಮಾತು ಮನೆಯೊಳಗೆ ನಿಲ್ಲಬಾರದು ಎಂದು ಯಾವ ಕಾಲದ ಅಜ್ಜಿಯರೋ ಕಲಿಸಿಟ್ಟದ್ದು, ನಾಲಿಗೆ ತಾನಾಗಿಯೇ ಹಾಗೆ ಹೊರಳುತ್ತದೆ. ನನ್ನದೂ ಹಾಗೇ ಹೊರಳುತ್ತದೆ. ಜಿನ್ನವ್ವ ಆ ಗಾಡಿಯ ಟಾಕಿಯನ್ನು ಎಣ್ಣೆಯ ಗಿಂಡಿಗಿಂತ ಬೇರೆಯೆಂದು ಎಂದೂ ತಿಳಿದವಳಲ್ಲ. ಮಾಲಿಂಗ ವಾಯರ್ ಬಿಚ್ಚಿದಾಗ ಮುಳ್ಳು ಎಡಕ್ಕೆ, ಬರಿದಿನ ಕಡೆಗೆ ಬಿದ್ದಿತ್ತು. ಅವಳು ಅದನ್ನೇ ಹೇಳಿದ್ದಳು. ಏರಿತು ಎಂದು ಕೇಳಿಸಿಕೊಂಡವರು ನಾವು.

ಕೆಂಚಪ್ಪನ ಮಾತು ನೆನಪಾಯಿತು. ಉಲ್ಟಾ ಸಾಮಾನು. ಮುಳ್ಳು ಮೇಲೆ ಏರಿದಷ್ಟೂ ಟಾಕಿ ಬರಿದು. ನಿಡಸೋಸಿಯಲ್ಲಿ ಯಾವ ಹುಡುಗರೂ ಪೆಟ್ರೋಲ್ ಹಾಕಿಸಿರಲಿಲ್ಲ. ಅವರು ನಿಜವನ್ನೇ ಹೇಳಿದ್ದರು.

ಫೋನು ಮಾಡಿದೆ. ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು. ಇಬ್ಬರಿಗೂ ಸೇರಿ ಅವರಲ್ಲಿ ಇರುವುದು ಒಂದೇ ಫೋನು, ಅದು ಜಿನ್ನವ್ವನ ಬಟ್ಟೆಯ ಚೀಲದಲ್ಲಿರುತ್ತದೆ. ಆ ಎಂಜಿನ್ನಿನ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ. ನಾಲ್ಕು ಸಲ ಮಾಡಿದೆ. ಐದನೆಯ ಸಲಕ್ಕೆ ಮಾಲಿಂಗನಿಗೆ ಮಾಡಿದೆ. ಹಿಟ್ಟಿನ ಡಬ್ಬಿ, ಹೆಚ್ಚಾಯಿತು, ಜಿನ್ನವ್ವ ಎಂದಷ್ಟೇ ಏನೋ ಹೇಳಿದೆ. ಅವನಿಗೆ ಅಷ್ಟೇ ಸಾಕಾಯಿತು.

"ಅಂದ್ರ ಅವತ್ತ ಇಳದಿತ್ತೇನ್ರಿ ಮುಳ್ಳು?"

"ಇಳದಿತ್ತಪಾ."

"ಯಾವ ಹಾದಿ ಹಿಡದಾರ?"

ಕೆಳಗಿನ ಸೇತುವೆ ಎಂದೆ. ಐದು ನಿಮಿಷದಲ್ಲಿ ಅವನ ಮೋಟರ್‌ಸೈಕಲ್ಲು ಬಾಗಿಲಲ್ಲಿತ್ತು, ಹ್ಯಾಂಡಲ್ಲಿಗೆ ಪೆಟ್ರೋಲ್ ಡಬ್ಬಿ, ಹೆಗಲಿಗೆ ಹಗ್ಗ. ನೀವು ಬೇಡ ಎಂದ. ನಾನು ಹಿಂದೆ ಹತ್ತಿ ಕುಳಿತೆ. ಅವನು ತನ್ನ ಜರ್ಕಿನ್ ಬಿಚ್ಚಿ ನನಗೆ ಹೊದಿಸಿದ, ಗುಂಡಿ ಹಾಕುವವರೆಗೆ ಕಾದ. ಆ ಅವಸರದಲ್ಲೂ ಕಾದ.

ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳು ಗಾಳಿಯಿಲ್ಲದೆ ನಿಂತಿದ್ದವು. ಎದುರಿಗೆ ಯಾರೂ ಬರಲಿಲ್ಲ. ಹೊಳೆಯ ಕಡೆಯಿಂದ ಬರುವ ಹಕ್ಕಿಗಳು ಮಾತ್ರ ಗುಂಪುಗುಂಪಾಗಿ ನಮ್ಮ ತಲೆಯ ಮೇಲೆ ಹಾದುಹೋದವು. ಸದ್ದು ಮೊದಲು ಕೇಳಿಸಿತು, ದೂರದಲ್ಲಿ ದೊಡ್ಡ ಗಿರಣಿಯೊಂದು ತಿರುಗುವಂಥ ಸದ್ದು. ಮುಂಜಾನೆ ಆ ಹೊಳೆಗೆ ಅಂಥ ದನಿ ಇರಲಿಲ್ಲ.

ದಂಡೆಯಲ್ಲಿ ಹಾದಿಗೆ ಅಡ್ಡವಾಗಿ ಜಾಲಿಮುಳ್ಳು ಎಳೆದಿದ್ದರು. ಆಚೆ ದಂಡೆಯಲ್ಲಿ ಎಳೆದಿರಲಿಲ್ಲವೋ, ಅದಕ್ಕೂ ಮೊದಲೇ ಇವರು ದಾಟಿದರೋ ತಿಳಿಯದು. ಟ್ರಕ್ಕು ಸೇತುವೆಯ ಮೇಲೆ, ನಮ್ಮಿಂದ ನೂರು ಹೆಜ್ಜೆಯ ದೂರದಲ್ಲಿ ನಿಂತಿತ್ತು. ಅದರ ಚಕ್ರಗಳ ಕೆಳಗೆ ನೀರು ತೆಳ್ಳಗೆ ಹರಿಯುತ್ತಿತ್ತು. ಕಟಾಂಜನವಿಲ್ಲದ ಸೇತುವೆ ಅದು. ಎಲ್ಲಿ ಕಲ್ಲು ಮುಗಿದು ಎಲ್ಲಿ ಹೊಳೆ ಶುರುವಾಗುತ್ತದೆ ಎಂಬುದು ಕಾಣುತ್ತಿರಲಿಲ್ಲ. ಮೂತಿ ತೆರೆದಿತ್ತು. ಆದಿನಾಥಣ್ಣನವರು ಸೊಂಟದವರೆಗೆ ಅದರೊಳಗೆ ಬಗ್ಗಿ ಏನನ್ನೋ ಬಿಚ್ಚುತ್ತಿದ್ದರು. ಜಿನ್ನವ್ವ ತನ್ನ ಜಾಗದಲ್ಲಿ ಕುಳಿತಿದ್ದಳು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗಾಗಿ ಕಾಯುವವಳ ಹಾಗೆ.

ನಾವಿಬ್ಬರೂ ಕೂಗಿದೆವು. ನಮ್ಮ ದನಿ ನಮಗೇ ಕೇಳಿಸಲಿಲ್ಲ. ಆ ಮನುಷ್ಯ ತಲೆ ಎತ್ತುವುದಾದರೂ ಏಕೆ? ಅವರ ಕಣ್ಣಮುಂದೆ ಮುಳ್ಳು ಬಲತುದಿಗೆ ನಿಂತಿದೆ. ಟಾಕಿ ತುಂಬಿದೆ. ದೋಷ ಎಂಜಿನ್ನಿನಲ್ಲೇ ಎಲ್ಲೋ ಇರಬೇಕು, ಇನ್ನೊಂದು ತಿರುಪು ಬಿಚ್ಚಿದರೆ ಸಿಕ್ಕೀತು, ಇನ್ನೊಂದು.

ಮಾಲಿಂಗ ಪೆಟ್ರೋಲ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಅದನ್ನು ಹಾಕಿ, ಎಂಜಿನ್ನಿಗೆ ಏರಿಸಿ, ಚಾಲೂ ಮಾಡುವಷ್ಟು ಹೊತ್ತು ಇನ್ನು ಉಳಿದಿಲ್ಲವೆಂದ. ಹಗ್ಗದ ಒಂದು ತುದಿಯನ್ನು ದಂಡೆಯ ಕಲ್ಲುಕಂಬಕ್ಕೆ ಬಿಗಿದು, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು ನಡೆದ. ಹೆಜ್ಜೆ ಎತ್ತದೆ, ಅಂಗಾಲನ್ನು ಕಲ್ಲಿನ ಮೇಲೆ ಜಾರಿಸುತ್ತ. ನೂರು ಹೆಜ್ಜೆಗೆ ಎಷ್ಟು ಹೊತ್ತು ಹಿಡಿಯಿತೋ. ಹಗ್ಗ ಸಾಲಲಿಲ್ಲ. ಹತ್ತು ಹೆಜ್ಜೆ ಮೊದಲೇ ಬಿಗಿಯಿತು. ಅವನು ಅದನ್ನು ಬಿಚ್ಚಿ ನೀರಿಗೆ ಬಿಟ್ಟು ಮುಂದೆ ಹೋದ.

ಅಲ್ಲಿ ನಡೆದ ಮಾತು ನನಗೆ ಆಮೇಲೆ ತಿಳಿದದ್ದು. ಟಾಕಿ ಖಾಲಿ ಇದೆ, ಇಳಿದು ಬನ್ನಿ ಎಂದು ಮಾಲಿಂಗ ಅಂದನಂತೆ. ಆದಿನಾಥಣ್ಣನವರು ತಲೆ ಎತ್ತದೆ ಹುಚ್ಚ, ಮುಳ್ಳು ನೋಡು ಹೋಗು ಎಂದರಂತೆ. ಕಾರ್ಬುರೇಟರಿನಲ್ಲಿ ಕಸ ಸಿಕ್ಕಿದೆ, ಎರಡು ನಿಮಿಷ ಎಂದರಂತೆ. ಆಗ ಮಾಲಿಂಗ ಅವರ ಕೈ ಹಿಡಿದು ಟಾಕಿಯ ಹತ್ತಿರ ಎಳೆದು ತಂದ. ಅಷ್ಟು ನನಗೂ ಕಂಡಿತು. ಪಾನಾ ತೆಗೆದುಕೊಂಡು ಟಾಕಿಯನ್ನು ಬಡಿದ, ಮೂರು ಸಲ, ಮೇಲೆ, ನಡುವೆ, ತಳದಲ್ಲಿ. ಮೂರು ಸಲವೂ ಬರಿ ಕೊಡದ ಸದ್ದೇ ಬಂತಂತೆ.

"ಮುಳ್ಳು ಸುಳ್ಳ ಹೇಳಾಕತ್ತೈತ್ರಿ ಕಾಕಾ. ಸಾಮಾನ ತಪ್ಪು ಹಾಕೇನಿ ನಾನು. ನನ್ನ ತಪ್ಪೈತಿ. ಬರ್ರಿ."

ಆದಿನಾಥಣ್ಣನವರು ಟಾಕಿಯ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಂತರು. ಆಮೇಲೆ ಎಡಬಾಗಿಲಿಗೆ ಹೋಗಿ ಜಿನ್ನವ್ವನನ್ನು ಇಳಿಸಿಕೊಂಡರು. ಮೂವರೂ ಕೈ ಕೈ ಹಿಡಿದು ಬರತೊಡಗಿದರು, ನಡುವೆ ಜಿನ್ನವ್ವ. ನೀರು ಅಷ್ಟರಲ್ಲಿ ಅವಳ ಮೊಣಕಾಲಿಗೆ ಬಂದಿತ್ತು, ಸೀರೆ ಹೊಳೆಯ ಕಡೆಗೆ ಎಳೆಯುತ್ತಿತ್ತು. ಒಮ್ಮೆ ಅವಳ ಒಂದು ಕಾಲು ಜಾರಿತು. ಇಬ್ಬರೂ ನಿಂತರು. ಯಾರೂ ಎಳೆಯಲಿಲ್ಲ, ಬೈಯಲಿಲ್ಲ, ಅವಳು ಕಾಲು ಊರುವವರೆಗೆ ಕಾದರು. ನಾನು ಕಲ್ಲುಕಂಬದ ಬಳಿ ಹಗ್ಗವನ್ನು ಹಿಡಿದುಕೊಂಡೇ ಇದ್ದೆ. ಅದರ ತುದಿಯಲ್ಲಿ ಯಾರೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಬಿಡಲಾಗಲಿಲ್ಲ. ಮಾಲಿಂಗ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ನಾವು ಏರು ಹತ್ತುವಷ್ಟರಲ್ಲಿ ಬೇರು ಸಮೇತ ಒಂದು ಮರ ತೇಲಿ ಬಂದು ಟ್ರಕ್ಕಿನ ಮಗ್ಗುಲಿಗೆ ಒರಗಿತು. ಸದ್ದೇನೂ ಕೇಳಿಸಲಿಲ್ಲ. ಗಾಡಿ ಸ್ವಲ್ಪ ಹೊತ್ತು ಅದರ ಭಾರ ತಡೆದು ನಿಂತಿತ್ತು. ಆಮೇಲೆ ಹಿಂದಿನ ಚಕ್ರಗಳು ಅಂಚಿನಿಂದ ಸರಿದವು, ತೆರೆದ ಮೂತಿ ಆಕಾಶಕ್ಕೆ ಎದ್ದಿತು, ಮತ್ತೆ ನೋಡಿದಾಗ ಅಲ್ಲಿ ಬರೀ ನೀರಿತ್ತು. ಆದಿನಾಥಣ್ಣನವರು ಆ ಕಡೆಗೆ ಬೆನ್ನು ಮಾಡಿ ಜಿನ್ನವ್ವನ ಸೀರೆಯ ತುದಿ ಹಿಂಡುತ್ತಿದ್ದರು. ಅವಳು ನೋಡಿದಳು.

ಮನೆಗೆ ಬಂದಾಗ ಹೊತ್ತು ಮುಳುಗಿತ್ತು. ಜಿನ್ನವ್ವ ನೀರು ಸಹ ಮುಟ್ಟಲಿಲ್ಲ. ಲಗಮವ್ವ ಮಾಲಿಂಗನಿಗೆ ಬಿಸಿ ರೊಟ್ಟಿ ಬಡಿಸಲು ಬಂದಳು. ಹಸಿವಿಲ್ಲ ಎಂದ ಅವನು. ಬೆಳಗಿನಿಂದ ಅವನು ಬರೀ ಚಹದ ಮೇಲಿದ್ದ ಎಂಬುದು ನನಗೆ ಗೊತ್ತಿತ್ತು.

ಮೂರು ದಿನದಲ್ಲಿ ಸುದ್ದಿ ಊರೆಲ್ಲ ತಿರುಗಿತು. ಮಾಲಿಂಗ ತಪ್ಪು ಸಾಮಾನು ಹಾಕಿ ಇಬ್ಬರು ಮುದುಕರನ್ನು ಹೊಳೆಗೆ ಕೊಡುತ್ತಿದ್ದ ಎಂದು ಚಹದಂಗಡಿಯಲ್ಲಿ ಮಾತಾಯಿತು. ರಿಪೇರಿಗೆ ಬಿಟ್ಟಿದ್ದ ಎರಡು ಟ್ರ್ಯಾಕ್ಟರುಗಳನ್ನು ಹೇಳದೆ ಕೇಳದೆ ತೆಗೆದುಕೊಂಡು ಹೋದರು. ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಟ್ಟರೆ ಜಿನ್ನವ್ವನ ಹೆಸರು ಹೇಳಬೇಕಾಗುತ್ತದೆ. ಅವಳಿಗೆ ಇದೇನೂ ಹೊಳೆದಿರಲಿಲ್ಲ. ಮೆಕ್ಯಾನಿಕ್ ಎಡವಿದ, ದೇವರು ಕಾಪಾಡಿದ, ಅಷ್ಟೇ ಅವಳ ಲೆಕ್ಕ. ಬೈಯಬೇಡಿ, ಅವನೇ ನಮ್ಮನ್ನು ಕರೆದುಕೊಂಡು ಬಂದನಲ್ಲ ಎಂದು ಊರವರಿಗೆ ಅವಳೇ ಹೇಳುತ್ತಿದ್ದಳು.

ನಾಲ್ಕನೆಯ ದಿನ ನಾನು ನಿಜ ಹೇಳಿಬಿಡಬೇಕೆಂದು ನಿರ್ಧಾರ ಮಾಡಿ ಅವರ ಪಡಸಾಲೆಗೆ ಹೋದೆ. ಜಿನ್ನವ್ವ ಹಿತ್ತಲಲ್ಲಿದ್ದಳು. ಆದಿನಾಥಣ್ಣನವರು ಚಾಪೆಯ ಮೇಲೆ ಕುಳಿತಿದ್ದರು. ನಾನು ಮಾತು ಶುರು ಮಾಡುತ್ತಿದ್ದಂತೆ ಕೈಯೆತ್ತಿ ತಡೆದರು.

"ಗೊತ್ತೈತ್ರಿ ಅಕ್ಕಾರ. ನಾನೂ ಬ್ಯಾಟರಿ ಬಾಜೂಕ ನಿಂತಿದ್ನಿ. ಐವತ್ತ ವರ್ಷ ಆಕಿ ಬಾಯಾಗಿನ ಮಾತ ಕೇಳೇನಿ. ಅವತ್ತೊಂದ ದಿನ ಮೆಕ್ಯಾನಿಕ್ಕನ ಕಿವಿಲೆ ಕೇಳಿದ್ನಿ." ಹಿತ್ತಲ ಕಡೆಗೊಮ್ಮೆ ನೋಡಿದರು. "ಆಕಿಗೆ ಹೇಳಬ್ಯಾಡ್ರಿ. ಅಡಗಿಮನ್ಯಾಗ ನಿಂತ ಒಂದೊಂದ ಮಾತಿಗೂ ಅಂಜತಾಳ ಆಮ್ಯಾಲ."

ಮಾಲಿಂಗನ ಗತಿ ಏನು ಎಂದೆ. ಅವರು ಎದ್ದು ಗೂಟದಿಂದ ಕೊಡೆ ತೆಗೆದುಕೊಂಡರು. ತನ್ನದು ಇನ್ನು ಗಾಡಿಯಿಲ್ಲದ ಜೀವ, ಹೊತ್ತು ಹೋಗಬೇಕಲ್ಲ, ದಿನಾ ಅವನ ಗ್ಯಾರೇಜಿನ ಮುಂದೆ ಕೂಡುತ್ತೇನೆ, ಬಂದು ಹೋಗುವವರು ನೋಡಲಿ ಎಂದರು.

ನನ್ನ ಕಿಟಕಿಯಿಂದ ಬಸ್‌ಸ್ಟ್ಯಾಂಡು ಕಾಣುತ್ತದೆ. ಆ ಮಧ್ಯಾಹ್ನ ನಮ್ಮಲ್ಲೂ ಮಳೆ ಹಿಡಿಯಿತು. ಗ್ಯಾರೇಜಿನ ಮುಂದಿನ ಬೆಂಚಿನ ಮೇಲೆ ಆದಿನಾಥಣ್ಣನವರು ನೆಟ್ಟಗೆ ಕುಳಿತಿದ್ದರು. ಬಸ್ಸಿಗೆ ಬಂದವರೆಲ್ಲ ಅವರನ್ನು ನೋಡಿ, ಒಳಗೆ ಮಾಲಿಂಗನನ್ನು ನೋಡಿ, ಮತ್ತೆ ಅವರನ್ನೇ ನೋಡುತ್ತಿದ್ದರು. ಹೊಳೆ ಇಳಿದಿರಲಿಲ್ಲ. ಪಂಚಾಯಿತಿಯ ಗಾಡಿ ಮತ್ತೆ ಕೂಗುತ್ತ ಬಂತು, ಸಂಜೆಗೆ ಇನ್ನಷ್ಟು ನೀರು ಬಿಡುತ್ತಾರಂತೆ. ಮಾಲಿಂಗ ಹೊರಗೆ ಬಂದು ಆ ಕೂಗನ್ನು ಕೊನೆಯವರೆಗೆ ಕೇಳಿದ. ಆಮೇಲೆ ಅಣ್ಣನವರನ್ನು ಎಬ್ಬಿಸದೆ, ಅವರು ಕುಳಿತಿದ್ದ ಹಾಗೆಯೇ, ಬೆಂಚನ್ನು ಸೂರಿನ ಹನಿಯಿಂದ ಒಳಗೆ ಎಳೆದುಕೊಂಡ.